ಹಳೇಮನೆ ಬಳಗ: ಬ್ಯಾಂಕಾಕ್ ಕೆಲಸ, ಅಂಗಳದ ಆಧಾರ್ ಕಾರ್ಡು

ಸಾವಿತ್ರಿ ಅತ್ತೆ: (ಫಾರ್ವರ್ಡ್) ಎಚ್ಚರ ಎಚ್ಚರ!! ಗುಲಾಮಗಿರಿ ಇನ್ನೂ ಮುಗಿದಿಲ್ಲ. ಪ್ರಪಂಚದಲ್ಲಿ ಇವತ್ತಿಗೂ 5 ಕೋಟಿ ಗುಲಾಮರಿದ್ದಾರೆ. ಫಾರಿನ್ ಕೆಲಸ ಅಂತ ನಮ್ಮ ಹುಡುಗರನ್ನ ಕರ್ಕೊಂಡು ಹೋಗಿ ಮಾರ್ತಿದ್ದಾರೆ. ತಕ್ಷಣ 10 ಜನಕ್ಕೆ ಕಳಿಸಿ

ಸಾವಿತ್ರಿ ಅತ್ತೆ: ಚೇತೂ ಓದೋ ಇದನ್ನ. ಬ್ಯಾಂಕಾಕ್ ಬೇಡ ಅಂತ ಬಡ್ಕೊಂಡೆ, ಯಾರು ಕೇಳ್ತಾರೆ ನನ್ನ ಮಾತು

ಪ್ರಕಾಶ ಭಾವ: ಅತ್ತೆ ಸೋರ್ಸ್ ಎಲ್ಲಿ? 5 ಕೋಟಿ ಅಂತ ಲೆಕ್ಕ ಹಾಕಿದ್ದು ಯಾರು? ಹೋದ ಸಲ ನಿಂಬೆಹಣ್ಣಿನ ನೀರಿಗೆ ಶುಗರ್ ಹೋಗತ್ತೆ ಅಂತ ಕಳ್ಸಿದ್ರಿ, ಅದೂ ಹಿಂಗೇ 10 ಜನಕ್ಕೆ ಕಳ್ಸಿ ಅಂತಿತ್ತು

ಗೀತಕ್ಕ: ರೀ ಅವ್ರು ಮಗನ ಚಿಂತೇಲಿ ಹಾಕಿದ್ದಾರೆ, ನಿಮ್ದು ಯಾವಾಗ್ಲೂ ಪರೀಕ್ಷೆ ಪೇಪರ್ ತಿದ್ದೋದೇ ಆಯ್ತು

ಸುಮಾ: ಭಾವ, ಈ ಸಲ ಲೆಕ್ಕ ಸುಳ್ಳಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ವಾಕ್ ಫ್ರೀ ಅನ್ನೋ ಗುಲಾಮಗಿರಿ ವಿರೋಧಿ ಸಂಘಟನೆ, ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಮೂರೂ ಸೇರಿ 2022ರಲ್ಲಿ ಕೊಟ್ಟ ಅಂದಾಜು 4.96 ಕೋಟಿ, ಅದ್ರಲ್ಲಿ 2.76 ಕೋಟಿ ಬಲವಂತದ ದುಡಿಮೆ, ಉಳಿದಿದ್ದು ಬಲವಂತದ ಮದುವೆ. "ಮಾರ್ತಿದ್ದಾರೆ" ಅಂದ ತಕ್ಷಣ ಸಂತೇಲಿ ದನ ಮಾರಿದಂಗೆ ಅನ್ಕೋಬೇಡಿ ಅಷ್ಟೇ. ಸರಪಳಿ ಇರಲ್ಲ. ಮುಂಗಡ ಇರತ್ತೆ, ಕಾಗದಪತ್ರ ಕಿತ್ತಿಟ್ಕೊಂಡಿರ್ತಾರೆ, ಕೆಲಸ ಬಿಟ್ಟು ಹೋಗೋಕೆ ಬಿಡಲ್ಲ

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಇದಕ್ಕೆಲ್ಲ ಮೂಲ ದುರಾಸೆ. ಇದ್ದೂರಲ್ಲಿ ದುಡಿದು ತಿನ್ನೋ ಬುದ್ಧಿ ಈಗಿನವರಿಗಿಲ್ಲ. ನಮ್ಮ ಕಾಲದಲ್ಲಿ ಆಳುಕಾಳು ಅಂದ್ರೆ ಮನೆಯವರೇ ಆಗಿದ್ರು, ಹಬ್ಬಕ್ಕೆ ಬಟ್ಟೆ, ಮದುವೆಗೆ ಅಕ್ಕಿ ಎಲ್ಲಾ ಕೊಡ್ತಿದ್ವಿ. ಜೀತ ಗೀತ ನಮ್ಮ ಸೀಮೆಲಿ ಇರ್ಲಿಲ್ಲ

ರಘು: ಅಪ್ಪ ಹೇಳಿದ್ದು ನಿಜ. ಅಡಿಕೆ ಸುಲಿಯೋ ರಾತ್ರಿ ನೆನಪಿದ್ಯಾ ಯಾರಿಗಾದ್ರೂ, ಗ್ಯಾಸ್‌ಲೈಟ್ ಹಚ್ಚಿ ಸಾಲಾಗಿ ಮೆಟ್ಟುಗತ್ತಿ ಇಟ್ಕೊಂಡು ಕೂರೋರು, ನಡುರಾತ್ರಿ ಬೆಲ್ಲದ ಕಾಫಿ, ಆ ಕಡೆ ಹಂಡೇಲಿ ಅಡಿಕೆ ಬೇಯೋ ವಾಸನೆ, ಅಜ್ಜಿ ಕಥೆ. ಇಲ್ಲಿ ಬೆಂಗ್ಳೂರಲ್ಲಿ ಏನಿದೆ ಹೇಳಿ

ಗೀತಕ್ಕ: ನೆನಪಿರೋದಕ್ಕೆ ನೀನು ಸುಲೀಲೇ ಇಲ್ವಲ್ಲ ರಘು, ಕಾಫಿ ಕುಡಿಯೋಕೆ ಮಾತ್ರ ಎದ್ದು ಬರ್ತಿದ್ದೆ. ಸುಲಿದಿದ್ದು ನಾನು ಸುಮಾ. ಪಾಲು ಮಾಡುವಾಗ ಅದು ಯಾರಿಗೂ ನೆನಪಾಗ್ಲಿಲ್ಲ

ರಘು: ಅಕ್ಕ ಪಾಲಿನ ವಿಷಯ ಇಲ್ಯಾಕೆ ಈಗ

ಪ್ರಕಾಶ ಭಾವ: ಮಾವ ಒಂದು ಮಾತು. ನಮ್ಮ ಸೀಮೆಲಿ ಏನೂ ಇರ್ಲಿಲ್ಲ ಅಂದ್ರೆ ಇದೇ ಸಾಗರ ತಾಲ್ಲೂಕಲ್ಲಿ 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹ ಯಾಕಾಯ್ತು? ಗೇಣಿ ಅಳೆಯೋ ಕೊಳಗದ ಮೇಲೇ ಜಗಳ ಶುರುವಾಗಿದ್ದು. ಸಮಾಜವಾದಿ ನಾಯಕ ಲೋಹಿಯಾ ಇಲ್ಲಿಗೆ ಬಂದು ಅರೆಸ್ಟ್ ಆದ್ರು

ದೊಡ್ಡಪ್ಪ: ಕಾಗೋಡಿನ ಕಥೆ ನೀನು ನಂಗೆ ಹೇಳ್ಬೇಡ ಪ್ರಕಾಶ. ಅದು ಗೇಣಿ, ಜೀತ ಅಲ್ಲ. ಗೃಹಪ್ರವೇಶಕ್ಕೆ ಕರೆಯೋಕೆ ಮರೆತೋರು ಇತಿಹಾಸ ಮಾತ್ರ ನೆನಪಿಟ್ಕೋತಾರೆ

ಪ್ರಕಾಶ ಭಾವ: ಕಾರ್ಡ್ ಕೊಟ್ಟಿದ್ವಿ ಮಾವ. ರಘು ಕೈಲೇ ಕೊಟ್ಟಿದ್ದು

ಚೇತನ್: ಎಲ್ಲಾ ನನ್ನ ಹೆಸರಲ್ಲಿ ಶುರುಮಾಡಿ ಎಲ್ಲೆಲ್ಲೋ ಹೋದ್ರಿ. ನಂದು ಡೇಟಾ ಎಂಟ್ರಿ ಕೆಲಸ, ಏಸಿ ಆಫೀಸು, ತಿಂಗ್ಳಿಗೆ 80 ಸಾವಿರ. ಗುಲಾಮಗಿರಿ ಅಂತೆ

ಸುಮಾ: ಚೇತೂ ಬೇಜಾರ್ ಮಾಡ್ಕೋಬೇಡ, ಪೂರ್ತಿ ಓದು. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್ ಅಂತ ಹೇಳೇ ಬ್ಯಾಂಕಾಕಿಗೆ ಇಳಿಸ್ತಾರೆ, ಅಲ್ಲಿಂದ ಕಾರಲ್ಲಿ ಮೇ ಸೋಟ್ ಅನ್ನೋ ಗಡಿ ಊರು, ನದಿ ದಾಟಿದ್ರೆ ಮ್ಯಾನ್ಮಾರಿನ ಮ್ಯಾವಡಿ. ಅಲ್ಲಿ ಪಾಸ್‌ಪೋರ್ಟ್ ಕಿತ್ಕೊಂಡು ಕಾಂಪೌಂಡೊಳಗೆ ಕೂಡಿಹಾಕಿ ನಮ್ಮ ಜನಕ್ಕೇ ಫೋನಲ್ಲಿ ಮೋಸ ಮಾಡ್ಸೋದು, ಟಾರ್ಗೆಟ್ ಮುಟ್ಲಿಲ್ಲ ಅಂದ್ರೆ ಹೊಡೆತ, ಬಿಡು ಅಂದ್ರೆ ಲಕ್ಷಗಟ್ಟಲೆ ಕೊಡು ಅಂತಾರೆ. 2025ರ ಮಾರ್ಚಲ್ಲಿ ಸರ್ಕಾರ ವಾಯುಪಡೆ ವಿಮಾನ ಕಳ್ಸಿ ಎರಡು ಟ್ರಿಪ್ಪಲ್ಲಿ 549 ಜನ ಭಾರತೀಯರನ್ನ ಕರ್ಕೊಂಡು ಬಂತು. ಅವರಲ್ಲಿ ಎಷ್ಟೋ ಜನ ನಿನ್ನಂಗೇ ಓದಿದೋರು. ಅವರು ದುರಾಸೆಯವರು ಅಂತ ನಾನು ಒಪ್ಪಲ್ಲ ದೊಡ್ಡಪ್ಪ, ಮನೆಗೆ ನಾಲ್ಕು ಕಾಸು ಕಳ್ಸೋಣ ಅಂತ ಹೋದೋರು

ಸುಮಾ: ಏಜೆಂಟ್ ಎಷ್ಟು ಕೇಳಿದ್ದಾನೆ?

ಚೇತನ್: ಒಂದೂವರೆ ಲಕ್ಷ

ಸುಮಾ: ನೋಂದಣಿ ಆಗಿರೋ ಏಜೆಂಟು 30 ಸಾವಿರ ಮತ್ತೆ ಅದ್ರ ಮೇಲಿನ ಜಿಎಸ್‌ಟಿ ಬಿಟ್ರೆ ತಗೊಳೋ ಹಂಗಿಲ್ಲ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಸೈಟಲ್ಲಿ ಅವನ ಹೆಸರಿದ್ಯಾ ನೋಡು ಮೊದ್ಲು

ಸಾವಿತ್ರಿ ಅತ್ತೆ: ನಾನು ಹೇಳಿದ್ದು ನಿಜ ಆಯ್ತಲ್ಲ. ಪ್ರಕಾಶ ನಿಂಬೆಹಣ್ಣು ಅಂತ ಆಡ್ಕೊಂಡ್ರಿ

ಸುಮಾ: ಇನ್ನೊಂದು ವಿಷಯ, ಎಲ್ಲರ ಎದುರೇ ಹೇಳ್ತೀನಿ ದೊಡ್ಡಪ್ಪ ಸಿಟ್ಟಾಗ್ಬೇಡಿ. ಹೋದ ವಾರ ಹಳೇಮನೆಗೆ ಬಂದಾಗ ಅಂಗಳದ ಮೂಲೇಲಿ ಒಬ್ಬ ಹುಡುಗಿ ಸುಲೀತಿದ್ಲು, ಬಯಲುಸೀಮೆ ಕಡೆಯೋಳು, ಬೆರಳೆಲ್ಲ ಕರೆ ಹಿಡಿದು ಕಪ್ಪಾಗಿತ್ತು, ಮೈ ಮುಟ್ಟಿದ್ರೆ ಕಾದ ಹಂಚು. ಊರಿಗೆ ಹೋಗಮ್ಮ ಅಂದ್ರೆ ಅಡ್ವಾನ್ಸ್ ತೀರಿಲ್ಲ, ಆಧಾರ್ ಕೆಲಸಕ್ಕೆ ಕರ್ಕೊಂಡು ಬಂದ ಮೇಸ್ತ್ರಿ ಹತ್ರ ಇದೆ ಅಂದ್ಲು. ಇಡೀ ಗ್ಯಾಂಗಿನ ಆಧಾರ್ ಅವನ ಚೀಲದಲ್ಲಿದೆ. ಚೇತೂನ ಪಾಸ್‌ಪೋರ್ಟ್ ಯಾರೋ ಇಟ್ಕೊಂಡ್ರೆ ಅನ್ನೋದಕ್ಕೇ ನಮ್ಮೆಲ್ಲರ ಎದೆ ಹೊಡ್ಕೊಳತ್ತೆ, ಅವಳ ಕಾರ್ಡಿಗೆ ಯಾಕಿಲ್ಲ?

ದೊಡ್ಡಪ್ಪ: ನಾನು ಮೇಸ್ತ್ರಿಗೆ ಕೂಲಿ ಪೂರ್ತಿ ಚುಕ್ತಾ ಮಾಡಿದೀನಿ. ಅವನು ಅವರ ಹತ್ರ ಏನು ವ್ಯವಹಾರ ಮಾಡ್ಕೊಂಡಿದ್ದಾನೋ ನಂಗೇನು ಗೊತ್ತು. ಮನೆ ಮಾನ ಗ್ರೂಪಲ್ಲಿ ತೆಗಿತೀಯಾ?

ರಘು: ಸುಮಾ ಅಪ್ಪಂಗೆ ಬಿಪಿ ಇದೆ. ಅಡಿಕೆ ಗೊನೆ ಕೊಯ್ಲಿಗೆ ಜನ ಸಿಗೋದೇ ಕಷ್ಟ, ಮೇಸ್ತ್ರಿನೂ ಬಿಟ್ಟೋದ್ರೆ ಅಡಿಕೆ ಮರದಲ್ಲೇ ಹಣ್ಣಾಗತ್ತೆ

ಸುಮಾ: ಗೊತ್ತು ರಘು, ಜನ ಸಿಗಲ್ಲ ಅನ್ನೋ ಕಷ್ಟ ನಮ್ಮ ತೋಟಕ್ಕೂ ಇದೆ. ದೊಡ್ಡಪ್ಪ ಬೇಕಂತ ಮಾಡಿದ್ರು ಅಂತ ನಾನು ಅಂತಿಲ್ಲ. ಆದ್ರೆ ಮುಂಗಡ ತೀರಿಸೋ ತನಕ ಹೋಗಂಗಿಲ್ಲ ಅಂದ್ರೆ ಅದೇ ಜೀತ, 1976ರ ಕಾಯ್ದೆ ಅದನ್ನೇ ಹೇಳೋದು. ಆ ಸಾಲ ಕಾಯ್ದೆ ಪ್ರಕಾರ ರದ್ದು, ಜೀತ ಅಲ್ಲ ಅಂತ ತೋರಿಸ್ಬೇಕಾದೋನು ಸಾಲ ಕೊಟ್ಟೋನು, ಆ ಹುಡುಗಿ ಅಲ್ಲ. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸ್ಕೊಂಡ್ರೂ ಬಲವಂತದ ದುಡಿಮೆನೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಏಷ್ಯಾಡ್ (ದಿಲ್ಲಿ ಏಷ್ಯನ್ ಗೇಮ್ಸ್) ಕಟ್ಟಡ ಕೆಲಸಗಾರರ ಕೇಸಲ್ಲಿ ಹೇಳಿದೆ. ನಮ್ಮ ಕೈಲಿ ಆಗೋದು ಇಷ್ಟು: ಕಾರ್ಡು ಅವರ ಕೈಗೆ ವಾಪಸ್, ಕೂಲಿ ಮೇಸ್ತ್ರಿಗಲ್ಲ ಅವರವರ ಕೈಗೇ, ಜ್ವರ ಬಂದೋಳಿಗೆ ಬಸ್ ಚಾರ್ಜು

ಗೀತಕ್ಕ: ಬಸ್ ಚಾರ್ಜು ಆಸ್ಪತ್ರೆ ಖರ್ಚು ನಾನು ಕೊಡ್ತೀನಿ

ಪ್ರಕಾಶ ಭಾವ: ಮೇಸ್ತ್ರಿ ಕೊಡಲ್ಲ ಅಂದ್ರೆ?

ಸುಮಾ: ಸಾಗರದ ಏಸಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್ ಆಫೀಸಿಗೆ ಅರ್ಜಿ. ಏಸಿ, ಡಿಸಿ ವಿಚಾರಣೆ ಮಾಡಿ ಬಿಡುಗಡೆ ಪತ್ರ ಕೊಡ್ತಾರೆ, ಅದಿದ್ರೆ ಪರಿಹಾರಕ್ಕೂ ದಾರಿ ಆಗತ್ತೆ. ಗ್ಯಾಂಗಲ್ಲಿ ಸಣ್ಣ ಮಕ್ಕಳಿದ್ರೆ ಮಕ್ಕಳ ಸಹಾಯವಾಣಿ 1098

ಪ್ರಕಾಶ ಭಾವ: ಅರ್ಜಿ ಬರೆದು ನಂಗೆ ಕಳ್ಸು, ತಿದ್ದಿಕೊಡ್ತೀನಿ

ರಘು: (ಫೋಟೋ) 1988, ಹಳೇಮನೆ ಅಟ್ಟ. ಅಪ್ಪನ ಪಕ್ಕ ಕೂತಿರೋರು ಯಾರು ಹೇಳಿ ನೋಡಣ?

ಸಾವಿತ್ರಿ ಅತ್ತೆ: ಫೋಟೋ ಆಮೇಲೆ ಹಾಕೋ ಮಾರಾಯ

ದೊಡ್ಡಪ್ಪ: ನಾಳೆ ಬೆಳಿಗ್ಗೆ ಮೇಸ್ತ್ರಿನ ಕರೆಸ್ತೀನಿ. ಸುಮಾ ನೀನೂ ಬಾ. ಆದ್ರೆ ಮೊದ್ಲು ನಂಗೆ ಫೋನ್ ಮಾಡ್ಬೇಕಿತ್ತು

ಸುಮಾ: ಎರಡು ಸಲ ಮಾಡಿದ್ದೆ ದೊಡ್ಡಪ್ಪ, ನೀವು ಎತ್ಲಿಲ್ಲ. ಎಂಟಕ್ಕೆ ಬರ್ತೀನಿ

ಚೇತನ್: ಸುಮಕ್ಕ ಏಜೆಂಟ್ ಹೆಸರು ಆ ಸೈಟಲ್ಲಿ ಇಲ್ಲ. ಲೆಟರಲ್ಲಿ ಟೂರಿಸ್ಟ್ ವೀಸಾ ಅಂತ ಬರ್ದಿದ್ದಾನೆ. ಐವತ್ತು ಸಾವಿರ ಹಾಕಾಗಿದೆ

ಸಾವಿತ್ರಿ ಅತ್ತೆ: ಐವತ್ತು ಸಾವಿರಾನಾ!! ಯಾರನ್ನ ಕೇಳಿ ಹಾಕ್ದೆ?

ಸುಮಾ: ಅತ್ತೆ ಬೈಯೋದು ಆಮೇಲೆ. ಚೇತೂ, ಅವನ ಮೆಸೇಜು ಒಂದೂ ಡಿಲೀಟ್ ಮಾಡ್ಬೇಡ, ದುಡ್ಡು ಹಾಕಿದ್ದ ಸ್ಕ್ರೀನ್‌ಶಾಟ್ ತೆಗ್ದಿಡು, ಪಾಸ್‌ಪೋರ್ಟ್ ಕೊಟ್ಟಿದ್ರೆ ಈಗ್ಲೇ ಹೇಳು