ರಕ್ತದೊತ್ತಡಕ್ಕೆ ಜನಾಂಗದ ಲೆಕ್ಕವೇಕೆ?

ಪ್ರಶ್ನೆ (ದಾವಣಗೆರೆ)
ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ಅಣ್ಣನಿಗೆ 48 ವರ್ಷ, ಸಕ್ಕರೆ ಕಾಯಿಲೆಯಿಲ್ಲ. ಬಿಪಿ ಹೆಚ್ಚಿದೆಯೆಂದು ಅಲ್ಲಿನ ವೈದ್ಯರು ಅವನಿಗೆ ರಾಮಿಪ್ರಿಲ್ ಬರೆದರು. ಅವನದೇ ವಯಸ್ಸಿನ, ಜಮೈಕಾ ಮೂಲದ ಸಹೋದ್ಯೋಗಿಗೆ ಆಮ್ಲೋಡಿಪಿನ್ ಕೊಟ್ಟರಂತೆ. ಕಾಯಿಲೆ ಒಂದೇ ಆಗಿರುವಾಗ ವಂಶಮೂಲ ನೋಡಿ ಮಾತ್ರೆ ಬದಲಿಸುವುದು ಸರಿಯೇ? ಇದನ್ನು ಕೇಳಿದ ಮೇಲೆ ನಮ್ಮ ತಂದೆಯವರು, "ಇದು ರಕ್ತದಲ್ಲೇ ಬಂದದ್ದು, ಮಾತ್ರೆ ಏನು ಮಾಡೀತು" ಎಂದು ಆಗಾಗ ಮಾತ್ರೆ ಬಿಡತೊಡಗಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ವೈದ್ಯೆ, ಚಿತ್ರದುರ್ಗ)
ಬ್ರಿಟನ್ನಿನ ವೈದ್ಯರಿಗೆ ಚಿಕಿತ್ಸೆಯ ಸಲಹೆ ನೀಡುವ ನೈಸ್ ಎಂಬ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ 55 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಮೊದಲು ರಾಮಿಪ್ರಿಲ್‌ನಂಥ ಮಾತ್ರೆ ಕೊಡುತ್ತಾರೆ. 55 ತುಂಬಿದವರಿಗೆ ಮತ್ತು, ವಯಸ್ಸು ಎಷ್ಟೇ ಇರಲಿ, ಆಫ್ರಿಕಾ ಅಥವಾ ಕೆರಿಬಿಯನ್ ಕಪ್ಪುವರ್ಣೀಯ ಮೂಲದವರಿಗೆ ಆಮ್ಲೋಡಿಪಿನ್‌ನಂಥದ್ದು. ಸಕ್ಕರೆ ಕಾಯಿಲೆ ಜೊತೆಗಿದ್ದರೆ ಈ ಕ್ರಮ ಬದಲಾಗುತ್ತದೆ. ಮೂತ್ರಪಿಂಡದಿಂದ ಬಂದು ಬಿಪಿ ಏರಲು ಕಾರಣವಾಗುವ ರೆನಿನ್ ಎಂಬ ವಸ್ತುವಿನ ಚಟುವಟಿಕೆ ಆ ಮೂಲದವರಲ್ಲಿ ಸರಾಸರಿಯಾಗಿ ಕಡಿಮೆ. ರಾಮಿಪ್ರಿಲ್ ಕೆಲಸ ಮಾಡುವುದು ರೆನಿನ್ ಸಾಗುವ ದಾರಿಯಲ್ಲೇ ಆದ್ದರಿಂದ, ಅದೊಂದನ್ನೇ ಕೊಟ್ಟಾಗ ಬಿಪಿ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಇದು ಗುಂಪಿನ ಸರಾಸರಿಯೇ ಹೊರತು ಎದುರಿಗೆ ಕುಳಿತ ರೋಗಿಯ ಜಾತಕವಲ್ಲ. ಅನೇಕರಿಗೆ ಮುಂದೆ ಎರಡೂ ಮಾತ್ರೆಗಳು ಬೇಕಾಗುತ್ತವೆ.

ಉತ್ತರ 2 (ನಿವೃತ್ತ ಅಧ್ಯಾಪಕ, ದಾವಣಗೆರೆ)
ವೈದ್ಯರು ಹೇಳಿದ್ದು ಯಾವ ಮಾತ್ರೆ ಮೊದಲು ಎಂಬುದಕ್ಕೆ ಉತ್ತರ. ಬಿಪಿ ಯಾರಿಗೆ ಎಷ್ಟು ಬರುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ರಕ್ತದ ಮೇಲೆ ಹೊರಿಸುವುದು ತಪ್ಪೆಂದು ನನ್ನ ದೃಢ ಅಭಿಪ್ರಾಯ. ಪಶ್ಚಿಮ ಆಫ್ರಿಕಾ ಮೂಲದ ಜನರನ್ನೇ ಮೂರು ಕಡೆ ಅಳೆದು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧಿಕ ರಕ್ತದೊತ್ತಡವಿದ್ದವರು ಪಶ್ಚಿಮ ಆಫ್ರಿಕಾದಲ್ಲಿ ಶೇ. 16, ಕೆರಿಬಿಯನ್ ದ್ವೀಪಗಳಲ್ಲಿ ಶೇ. 26, ಅಮೆರಿಕದಲ್ಲಿ ಶೇ. 33. ಮೂಲ ಒಂದೇ, ಊಟ, ತೂಕ, ಬದುಕಿನ ರೀತಿ ಬೇರೆ.

ಹತೋಟಿಯ ವಿಷಯದಲ್ಲಂತೂ ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳ ಪ್ರಯೋಗವನ್ನು ಎಲ್ಲರೂ ತಿಳಿಯಬೇಕು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಬಿಪಿ ಹೆಚ್ಚಿದ್ದ ಕಪ್ಪುವರ್ಣೀಯ ಗಂಡಸರನ್ನು ಔಷಧತಜ್ಞರು ಅವರು ಹೋಗುವ ಕ್ಷೌರದಂಗಡಿಗೇ ಹೋಗಿ ಕಂಡು, ಅಲ್ಲೇ ಮಾತ್ರೆ ಬರೆದು, ಹೆಚ್ಚುಕಡಿಮೆ ಮಾಡುತ್ತಾ ಬಂದರು. ಆರು ತಿಂಗಳಲ್ಲಿ ಅವರ ಪೈಕಿ ಸುಮಾರು ಶೇ. 64 ಜನರ ಬಿಪಿ 130/80ಕ್ಕಿಂತ ಕೆಳಗಿಳಿಯಿತು. ಬರೀ ಸಲಹೆ ಪಡೆದು ವೈದ್ಯರ ಬಳಿಗೆ ಹೋಗಿರೆಂದು ಹೇಳಿಸಿಕೊಂಡವರಲ್ಲಿ ಶೇ. 12 ಮಾತ್ರ. ಎರಡೂ ಗುಂಪಿನವರ ಜನಾಂಗ ಒಂದೇ ಆಗಿತ್ತು. ನಿಮ್ಮ ತಂದೆಯವರಿಗೆ ಇದನ್ನೇ ಓದಿ ಹೇಳಿ.

ಉತ್ತರ 3 (ಆರೋಗ್ಯ ಕಾರ್ಯಕರ್ತೆ, ಚಳ್ಳಕೆರೆ)
ತಾಂಡಾ, ಹಟ್ಟಿ, ಪೇಟೆ ಎನ್ನದೆ ಎಲ್ಲ ಕಡೆಯೂ ನಾನು ಕಾಣುವ ತೊಡಕು ಒಂದೇ: ತಲೆಸುತ್ತು ನಿಂತ ಕೂಡಲೇ ಮಾತ್ರೆಯೂ ನಿಲ್ಲುತ್ತದೆ. ಬಿಪಿ ಏರಿದ್ದರೂ ಮೈಗೆ ಗೊತ್ತಾಗುವುದಿಲ್ಲ, ಅಳೆದೇ ತಿಳಿಯಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ-ಮಿರ್ಚಿ ಸೇರಿದರೆ ಅದು ಸುಲಭವಾಗಿ ಮೀರುತ್ತದೆ. ತಂದೆಯವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ಮಾತ್ರೆ ಬಿಟ್ಟಿದ್ದ ವಿಷಯವನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಇಲ್ಲವಾದರೆ ಮಾತ್ರೆ ಸಾಲುತ್ತಿಲ್ಲವೆಂದುಕೊಂಡು ಅವರು ಪ್ರಮಾಣ ಹೆಚ್ಚಿಸಬಹುದು.