ಕೋಡ್ ಬರೆಯೋರ ನಡುವೆ ಗೆಳೆಯರು ಸಿಗೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು (ಸಾಗರ, ಮನೆಯಿಂದಲೇ ಕೆಲಸ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಗೆ ಊರಿಂದಲೇ ಕೆಲಸ ಮಾಡ್ತೀನಿ. ಬ್ಯಾಕೆಂಡ್, ಪೈಥಾನ್. ಕೆಲಸಕ್ಕೇನೂ ತೊಂದರೆ ಇಲ್ಲ, ಮಳೆಗಾಲ ಬಿಟ್ಟರೆ ನೆಟ್ಟೂ ಸರಿ ಇರುತ್ತೆ. ಆದರೆ ಬೆಳಗಿನ ಸ್ಟ್ಯಾಂಡಪ್ ಕಾಲ್ ಮುಗಿದರೆ ಆಮೇಲೆ ಇಡೀ ದಿನ ಮಾತೇ ಇಲ್ಲ. ಡೇಟಾಬೇಸ್ ಇಂಡೆಕ್ಸ್ ಹಾಕಿ ಒಂದು ಕ್ವೆರಿ ಎಷ್ಟು ಚುರುಕಾಯ್ತು ಅಂತ ಅಮ್ಮನ ಹತ್ತಿರ ಹೇಳಿದೆ. "ಊಟ ಮಾಡು ಮೊದಲು" ಅಂದ್ರು. ಒಂದಷ್ಟು ಡಿಸ್ಕಾರ್ಡ್ ಸರ್ವರ್, ಟೆಲಿಗ್ರಾಂ ಗುಂಪುಗಳಿಗೆ ಸೇರಿದೀನಿ. ಹಾಯ್ ಅಂತ ಹಾಕಿದರೆ ಯಾರೋ ಕೈ ಬೀಸೋ ಎಮೋಜಿ ಒತ್ತಿ ಹೋಗ್ತಾರೆ, ಅಷ್ಟೇ. ಇಂಗ್ಲಿಷ್ ಓದ್ತೀನಿ, ಬರೆಯೋಕೆ ಹಿಂಜರಿಕೆ. ಹೀಗೆ ಆನ್‌ಲೈನ್‌ನಲ್ಲೇ ನಿಜವಾದ ಗೆಳೆತನ ಆದವರು ಯಾರಾದ್ರೂ ಇದ್ದೀರಾ? ಎಲ್ಲಿ, ಹೇಗೆ ಆಯ್ತು?

ಧಾರವಾಡದಿಂದ

ತಮ್ಮಾ, ಮೊದ್ಲು ಆ ದೊಡ್ಡ ಸರ್ವರ್ ಎಲ್ಲಾ ಮ್ಯೂಟ್ ಮಾಡು. ಲಕ್ಷ ಮಂದಿ ಇರೂ ಕಡೆ ಹಾಯ್ ಅನ್ನೂದಂದ್ರ ಜಾತ್ರ್ಯಾಗ ತೇರಿನ ಮುಂದ ನಿಂತು "ಯಾರರೆ ಮಾತಾಡಸ್ರೀ" ಅಂದಂಗ. ಯಾರ ತಪ್ಪೂ ಅಲ್ಲ, ಕೇಳ್ಸೂದಿಲ್ಲ ಅಷ್ಟ.

ನೀ ದಿನಾ ಉಪಯೋಗ್ಸೂ ಓಪನ್ ಸೋರ್ಸ್ ಸಾಫ್ಟ್‌ವೇರ್‌ನ್ಯಾಗ, ಅಂದ್ರ ಯಾರ ಬೇಕಾದ್ರೂ ಕೋಡ್ ನೋಡಿ ತಿದ್ದೂ ಅಂಥಾದ್ರಾಗ, ಸಣ್ಣದೊಂದು ಹಿಡಿ. ಜ್ಯಾಂಗೋದಂಥ ದೊಡ್ಡ ವೆಬ್ ಫ್ರೇಮ್‌ವರ್ಕ್ ಬ್ಯಾಡ, ಅದರ ಮ್ಯಾಲೆ ಕಟ್ಟಿದ ಯಾವುದರೆ ಪ್ಲಗಿನ್, ಇಬ್ಬರೋ ಮೂವರೋ ನೋಡ್ಕೊಳ್ಳೂವಂಥಾದ್ದು. ಅದರ ಇಶ್ಯೂ ಪಟ್ಟಿ, ಅಂದ್ರ ಮಂದಿ ಬರದಿಟ್ಟ ತೊಂದರಿಗಳ ಪಟ್ಟಿ, ತಗದು ನೋಡು. "ನಂದು ಓಡವಲ್ದು" ಅಂತ ಒಂದ ಸಾಲು ಬರದು ಹೋದವರ ಭಾಳ ಮಂದಿ ಇರ್ತಾರ. ಅಂಥಾದ್ದೊಂದು ತಗೊಂಡು ನಿನ್ನ ಮಷೀನಿನ್ಯಾಗ ಮಾಡಿ ನೋಡು. ಯಾವ ಪೈಥಾನ್ ವರ್ಶನ್, ಯಾವ ಓಎಸ್, ಯಾವ ಹೆಜ್ಜಿಗೆ ಒಡೀತು, ಪೂರಾ ಟ್ರೇಸ್‌ಬ್ಯಾಕ್ (ಪೈಥಾನ್ ತೋರ್ಸೂ ತಪ್ಪಿನ ವಿವರ). ಸ್ಕ್ರೀನ್‌ಶಾಟ್ ಹಾಕಬ್ಯಾಡ, ಅಕ್ಷರದಾಗ ಹಾಕು, ನಾಳೆ ಮತ್ತೊಬ್ಬ ಹುಡುಕಿದ್ರ ಸಿಗಬೇಕು. ಕೋಡ್ ಒಂದ ಸಾಲೂ ಬರಿಯೂದು ಬ್ಯಾಡ. ಅದನ್ನ ನೋಡ್ಕೊಳ್ಳೂ ಮೇಂಟೇನರ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನಾ ಇದನ್ನ ಮಾಡ್ಕೋತ ಹೋದೆ. ಒಂದಿನ ಪೋಲೆಂಡಿನ ಮನಷ್ಯಾ, ಆ ಪ್ರಾಜೆಕ್ಟ್ ನಡಸಾವ, ತಾನ ಗಿಟ್‌ಹಬ್‌ನ್ಯಾಗ ನನಗ ಟ್ರಯಾಜ್ ಹಕ್ಕು, ಅಂದ್ರ ಇಶ್ಯೂ ವಿಂಗಡಸೂ ಹಕ್ಕು, ಕೊಟ್ಟ. ಈಗ ಅವನ ಮಗಳ ಹುಟ್ಟಿದ ಹಬ್ಬಕ್ಕ ನಂದೂ ಒಂದು ಮೆಸೇಜ್ ಹೋಗ್ತದ. ಇಂಗ್ಲಿಷ್ ಅಂದ್ರ, ಅವಂದೂ ನಮ್ಮಂಗನ. ಇಬ್ಬರೂ ಸಣ್ಣ ಸಣ್ಣ ವಾಕ್ಯ ಬರಿತೀವಿ, ಒಬ್ಬರಿಗೊಬ್ಬರಿಗೆ ಚೊಲೊ ತಿಳೀತದ.

ಬೆಂಗಳೂರು, ಫಾಂಟು ಮತ್ತು ಪಠ್ಯದ ಕೆಲಸ

ಧಾರವಾಡದವರು ಹೇಳಿದ್ದಕ್ಕೆ ನನ್ನದೂ ಹೌದು. ಇಂಗ್ಲಿಷ್ ವಿಷಯಕ್ಕೆ ಬೇರೆ ಥರ ಹೇಳ್ತೀನಿ. ನಿಮಗೆ ಕನ್ನಡ ಓದೋಕೆ ಬರುತ್ತೆ ಅನ್ನೋದೇ ಕೆಲವು ಪ್ರಾಜೆಕ್ಟ್‌ಗಳಲ್ಲಿ ದೊಡ್ಡ ಅರ್ಹತೆ.

ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್, ಇಷ್ಟರ ಒಳಗೂ ಅಕ್ಷರ ಜೋಡಿಸೋದು ಹಾರ್ಫ್‌ಬಝ್ ಅನ್ನೋ ಒಂದೇ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸೋ ಸಿದ್ಧ ಕೋಡ್). ಅದು ಈಗ ಚೆನ್ನಾಗೇ ಇದೆ. ಗೋಳು ಇರೋದು ಅದರಾಚೆ: ಟರ್ಮಿನಲ್‌ಗಳು, ಕೋಡ್ ಎಡಿಟರ್‌ಗಳು, ಪಿಡಿಎಫ್ ಮಾಡೋ ಲೈಬ್ರರಿಗಳು. ಟರ್ಮಿನಲ್, ಅಂದ್ರೆ ಆಜ್ಞೆ ಟೈಪ್ ಮಾಡೋ ಪರದೆ, ಒಂದೇ ಅಗಲದ ಚೌಕಗಳ ಸಾಲು ತಾನೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ. ಎಷ್ಟು ಚೌಕ ಕೊಡಬೇಕು ಅಂತ ತಿಳಿಯದೆ ಎಷ್ಟೋ ಟರ್ಮಿನಲ್‌ಗಳು ಒತ್ತನ್ನೆಲ್ಲ ಚೆಲ್ಲಾಪಿಲ್ಲಿ ಮಾಡ್ತವೆ. ಸರಿಪಡಿಸೋಕೆ ಕೂತವರಿಗೆ ಕೋಡ್ ಬರುತ್ತೆ, ಪರದೆ ಮೇಲೆ ಬಂದದ್ದು ಸರಿಯೋ ತಪ್ಪೋ ಅಂತ ಹೇಳೋಕೆ ಬರಲ್ಲ. ಅಲ್ಲಿ ನೀವು ಬೇಕು.

ನನ್ನ ಗೆಳೆತನ ಶುರುವಾದದ್ದು ಇಂಥದ್ದೇ ಒಂದು ಬಗ್ಗಿನಿಂದ. ಒಂದು ಸಣ್ಣ ಹುಡುಕಾಟದ ಲೈಬ್ರರಿ. "ರ್ಯಾಂಕ್" ಅಂತ ಮಾಮೂಲಾಗಿ ಟೈಪಿಸಿದರೆ ಅರ್ಕಾವತ್ತು ಬರುತ್ತೆ. ರ ಪೂರ್ತಿ ನಿಂತು ಯ ಕೆಳಗೆ ಒತ್ತಾಗಿ "ರ‍್ಯಾಂಕ್" ಅಂತ ಬರಬೇಕಾದರೆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜಾಯಿನರ್ (ಅಕ್ಷರ ಜೋಡಿಸೋ ಸಂಕೇತ) ಹಾಕಬೇಕು. ಜನ ಎರಡು ಥರಾನೂ ಬರೀತಾರೆ. ಲೈಬ್ರರಿಗೆ ಎರಡೂ ಬೇರೆ ಪದ. ಹಾಗಾಗಿ ಒಂದು ಹುಡುಕಿದರೆ ಇನ್ನೊಂದು ಸಿಗ್ತಿರಲಿಲ್ಲ. ನಾನು ಇಶ್ಯೂ ಹಾಕಿದ್ದೇ ತಡ, ಕೋಲ್ಕತ್ತದ ಹುಡುಗಿಯೊಬ್ಬಳು ಕೆಳಗೆ ಬರೆದಳು: ನಮ್ಮ ಬಂಗಾಳಿಯಲ್ಲೂ ರ ಕೆಳಗೆ ಯ-ಫಲಾ ಬರಬೇಕಾದರೆ ಇದೇ ಜಾಯಿನರ್, ಇದೇ ಪೇಚು. ಇಬ್ಬರೂ ಸೇರಿ ಟೆಸ್ಟ್‌ಗೆ ಪದಗಳನ್ನ ಕೂಡಿಸಿದೆವು. ಅವಳು ಕೋಡ್ ಬರೆದಳು, ನಾನು ರಿವ್ಯೂ ಮಾಡಿದೆ. ಜಾಯಿನರ್‌ಗಳನ್ನ ಎಲ್ಲ ಕಡೆ ಕಿತ್ತು ಹಾಕೋದಾ, ಹೋಲಿಸುವಾಗ ಮಾತ್ರ ಕಡೆಗಣಿಸೋದಾ ಅಂತ ಜಗಳ ಆಯ್ತು. ನಿಜವಾದ ಜಗಳ, ಎರಡು ದಿನ ಮಾತಿಲ್ಲ. ಕೊನೆಗೆ ಹೋಲಿಸುವಾಗ ಮಾತ್ರ ಅಂತ ತೀರ್ಮಾನ, ಅವಳದೇ ಸರಿ ಇತ್ತು. ಈಗ ಬುಧವಾರ ರಾತ್ರಿ ಒಂದು ಕಾಲ್ ಇರುತ್ತೆ. ನಾವಿಬ್ಬರು, ತ್ರಿಶ್ಶೂರಿನ ಒಬ್ಬ ಮಲಯಾಳಿ, ಆಗಾಗ ಒಬ್ಬ ತಮಿಳಿನವರು. ಅರ್ಧ ಗಂಟೆ ಕೆಲಸ, ಆಮೇಲೆ ಮೀನು ಸಾರು ಯಾರ ಊರಿಂದು ಮೇಲು ಅನ್ನೋ ಚರ್ಚೆ. ನಾನು ಸಸ್ಯಾಹಾರಿ, ತೀರ್ಪು ಕೊಡೋಳು ನಾನೇ.

ಹಾಸನ, ಎಂಜಿನಿಯರಿಂಗ್ ಮೂರನೇ ವರ್ಷ

ಒಂದು ಎಚ್ಚರಿಕೆ ಅಣ್ಣ. ನಮ್ಮ ಕಾಲೇಜಲ್ಲಿ ಸೀನಿಯರ್ಸ್ ಎಲ್ಲ ಹೇಳೋದು ಗೂಗಲ್ ಸಮ್ಮರ್ ಆಫ್ ಕೋಡ್ ಕಡೆಯಿಂದ ಹೋಗು ಅಂತ (ಹೊಸಬರು ಮೆಂಟರ್ ಜೊತೆ ಓಪನ್ ಸೋರ್ಸ್ ಕೆಲಸ ಮಾಡೋ ಗೂಗಲ್ ಕಾರ್ಯಕ್ರಮ). 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕು ಅಂತಿಲ್ಲ, 18 ತುಂಬಿದ ಹೊಸಬರು ಯಾರು ಬೇಕಾದ್ರೂ ಅರ್ಜಿ ಹಾಕಬಹುದು, ನೀವೂ ಹಾಕಬಹುದು. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಆ ಪ್ರಾಜೆಕ್ಟ್‌ಗಳ ಚಾನೆಲ್ ನೋಡಿ, "ಸರ್ ಹೇಗೆ ಶುರು ಮಾಡಲಿ" ಅನ್ನೋದೇ ತುಂಬಿರುತ್ತೆ. ಆಯ್ಕೆ ಪಟ್ಟಿ ಬಂದ ಮೇಲೆ ಬಹುಪಾಲು ಮಂದಿ ಮಾಯ. ಅಲ್ಲಿರೋರಿಗೂ ಅದು ಗೊತ್ತು, ಆ ಟೈಮಲ್ಲಿ ಹೊಸಬರ ಹೆಸರು ನೆನಪಿಟ್ಟುಕೊಳ್ಳೋಕೂ ಹೋಗಲ್ಲ. ಹೋಗೋದಾದ್ರೆ ಆ ಗದ್ದಲ ಇಳಿದ ಮೇಲೆ ಹೋಗಿ.

ಹ್ಯಾಕ್ಟೋಬರ್‌ಫೆಸ್ಟ್ ಕೂಡ ಹಾಗೇ, ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ತಿದ್ದುಪಡಿ ಕಳಿಸೋ ಹಬ್ಬ ಅದು. 2020ರಲ್ಲಿ ಟೀ ಶರ್ಟ್ ಆಸೆಗೆ ರೀಡ್‌ಮೀ ಫೈಲಲ್ಲಿ ಒಂದು ಪದ ಸೇರಿಸಿ ಕಳಿಸೋರು ಎಷ್ಟಾದ್ರು ಅಂದ್ರೆ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಿಯಮವನ್ನೇ ಬದಲಾಯಿಸಬೇಕಾಯ್ತು. ಟೀ ಶರ್ಟ್ ಸಿಕ್ಕರೂ ಫ್ರೆಂಡ್ಸ್ ಸಿಗಲ್ಲ.

ಮೈಸೂರಿನಿಂದ

ನಾನು ಸ್ವಲ್ಪ ಉಲ್ಟಾ ಹೇಳ್ತೀನಿ, ಬೇಜಾರಾಗಬೇಡಿ. ಆಫೀಸ್ ಮುಗಿಸಿ ಮತ್ತೆ ಪುಕ್ಸಟ್ಟೆ ಆಫೀಸಾ? ಮೇಲಿನವರೆಲ್ಲ ಹೇಳ್ತಿರೋದು ಇನ್ನಷ್ಟು ಕೆಲಸ ಮಾಡಿ, ಗೆಳೆಯರು ಬರ್ತಾರೆ ಅಂತ. ಸಾಗರದಲ್ಲಿ ಶಟಲ್ ಆಡೋಕೆ ಜಾಗ ಇಲ್ಲವಾ? ಸಂಜೆ ಎದುರಿಗೆ ಕೂತು ಕಾಫಿ ಕುಡಿಯೋ ಒಬ್ಬರಿದ್ದರೆ ಅವರಿಗೆ ಪೈಥಾನ್ ಬರದಿದ್ದರೂ ನಡೆಯುತ್ತೆ.

ಸ್ಟುಟ್‌ಗಾರ್ಟ್, ಮೂಲ ಚಿತ್ರದುರ್ಗ

ಮೈಸೂರಿನವರ ಮಾತಲ್ಲಿ ಹುರುಳಿದೆ. ಕೆಲಸದ ವಾಸನೆ ಇಲ್ಲದ ದಾರಿಯೂ ಒಂದಿದೆ. ಅಡ್ವೆಂಟ್ ಆಫ್ ಕೋಡ್ ಗೊತ್ತಾ? ಎರಿಕ್ ವಾಸ್ಟ್ಲ್ ಅನ್ನೋರು 2015ರಿಂದ ಪ್ರತಿ ಡಿಸೆಂಬರ್ ನಡೆಸೋ ಪ್ರೋಗ್ರಾಮಿಂಗ್ ಒಗಟುಗಳು. 2024ರವರೆಗೆ 25 ದಿನ ಇರ್ತಿತ್ತು, 2025ರಲ್ಲಿ 12ಕ್ಕೆ ಇಳಿಸಿದ್ರು, ಲೋಕದವರೆಲ್ಲ ಓಡೋ ಗ್ಲೋಬಲ್ ಲೀಡರ್‌ಬೋರ್ಡ್ ಕೂಡ ತೆಗೆದುಬಿಟ್ರು. ಒಳ್ಳೇದೇ ಆಯ್ತು. ಖಾಸಗಿ ಲೀಡರ್‌ಬೋರ್ಡ್ ಹಾಗೇ ಇದೆ. ಸೇರೋ ಕೋಡ್ ಹಂಚಿದರೆ ನಿಮ್ಮವರಷ್ಟೇ ಒಳಗೆ.

ಒಗಟು ತೆರೆಯೋದು ಅಮೆರಿಕದ ಪೂರ್ವ ಕರಾವಳಿಯ ನಡುರಾತ್ರಿಗೆ. ನಿಮಗೆ ಬೆಳಿಗ್ಗೆ 10:30, ನನಗೆ ಇಲ್ಲಿ ಚಳಿ ಕತ್ತಲಲ್ಲಿ 6. ನಮ್ಮ ಗುಂಪಲ್ಲಿ ಪಿಯುಸಿ ಗೆಳೆಯರು ಕೆಲವರು, ಅವರ ಕಲೀಗ್‌ಗಳು, ಒಬ್ಬ ದಾವಣಗೆರೆಯ ಲೆಕ್ಚರರ್. ಎಲ್ಲರೂ ಬಿಡಿಸಿದ ಮೇಲೆ ಉತ್ತರ ಹಂಚಿಕೊಳ್ತೀವಿ. ಲೆಕ್ಚರರ್ ಎಲ್ಲವನ್ನೂ ಎಕ್ಸೆಲ್‌ನಲ್ಲೇ ಮಾಡ್ತಾರೆ. ಒಂದು ಗ್ರಿಡ್ ಒಗಟಿಗೆ ಅವರು ಸೆಲ್‌ಗಳಿಗೆ ಬಣ್ಣ ಬಳಿದು ಕಳಿಸಿದ ಶೀಟ್ ನೋಡಿ ನಾನು ಟ್ರಾಮ್‌ನಲ್ಲಿ ಒಬ್ಬನೇ ನಕ್ಕಿದ್ದೀನಿ. ಡಿಸೆಂಬರ್ ಮುಗಿದ ಮೇಲೂ ಗುಂಪು ನಡೀತಿದೆ. ಈ ಸಲ ನಿಮ್ಮನ್ನೂ ಸೇರಿಸ್ತೀನಿ, ಇನ್‌ಬಾಕ್ಸ್ ಮಾಡಿ.

ಮಂಗಳೂರು, ಫ್ರಂಟ್‌ಎಂಡ್

ಇದನ್ನು ಓದುತ್ತಿರುವ ಹುಡುಗಿಯರಿಗೆ ಒಂದು ಮಾತು. ಹೆಸರು, ಫೋಟೊ ಹಾಕಿದ ಕೂಡಲೇ "ಕಲಿಸಿಕೊಡ್ತೇನೆ" ಅಂತ ಖಾಸಗಿ ಮೆಸೇಜ್ ಮಾಡುವವರು ಎಲ್ಲ ಕಡೆಯೂ ಇದ್ದಾರೆ ಮಾರಾಯ್ರೆ. ನಾನು ಸೇರುವ ಮೊದಲು ಎರಡು ನೋಡ್ತೇನೆ. ನಡವಳಿಕೆ ನಿಯಮ ಬರೆದಿಟ್ಟಿದ್ದಾರಾ, ಅದರಲ್ಲಿ ದೂರು ಯಾರಿಗೆ ಕೊಡಬೇಕು ಅಂತ ಮನುಷ್ಯರ ಹೆಸರು ಉಂಟಾ? ಬರೀ ಒಂದು ಮೇಲ್ ವಿಳಾಸ ಇದ್ದರೆ ನನಗೆ ನಂಬಿಕೆ ಬರುವುದಿಲ್ಲ. ಎರಡನೆಯದು, ಹಳೆಯ ಮಾತುಕತೆಯಲ್ಲಿ ದಡ್ಡ ಪ್ರಶ್ನೆ ಕೇಳಿದವರಿಗೆ ಏನು ಉತ್ತರ ಬಂದಿದೆ? ಅರ್ಧ ಗಂಟೆ ಓದಿದರೆ ಗೊತ್ತಾಗ್ತದೆ. ಪೈಥಾನ್ ಬರೆಯುವ ಹೆಂಗಸರ ಪೈಲೇಡೀಸ್‌ನಂಥ ಗುಂಪುಗಳಿಂದ ಶುರು ಮಾಡಿದರೆ ಸುಲಭ. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಗ್ನೋಮ್‌ನವರು ಹೆಂಗಸರಿಗಾಗಿ ಶುರು ಮಾಡಿದ ಕಾರ್ಯಕ್ರಮವೇ ಬೆಳೆದು ಔಟ್‌ರೀಚಿ ಆದದ್ದು. ಅಲ್ಲಿ ಇಂಟರ್ನ್‌ಶಿಪ್‌ಗೆ ಹಣವೂ ಸಿಗ್ತದೆ, ಮೆಂಟರ್ ಕೂಡ. ನನ್ನ ಮೆಂಟರ್ ಈಗ ನನ್ನ ಅಕ್ಕನ ಹಾಗೆ.

ಬೆಂಗಳೂರು, ಹಳೇ ಕೈ

ಐಆರ್‌ಸಿ ಅನ್ನೋ ಹಳೇ ಚಾಟ್ ಕಾಲದವನು ನಾನು, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಎಲ್ಲ ಜಾಗವೂ ಗೆಳೆತನಕ್ಕೆ ಅಂತ ಕಟ್ಟಿದ್ದಲ್ಲ. 2008ರಲ್ಲಿ ಶುರುವಾದ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋನಲ್ಲಿ ಕೊನೆಗೆ ಥ್ಯಾಂಕ್ಸ್ ಅಂತ ಬರೆದರೂ ತೆಗೆದುಹಾಕ್ತಾರೆ. ಅದು ಕೊಬ್ಬಲ್ಲ, ಮುಂದೆ ಹುಡುಕಿಕೊಂಡು ಬರೋರಿಗೆ ಉತ್ತರ ಉಳೀಬೇಕು ಅನ್ನೋ ಲೆಕ್ಕ. ಅಲ್ಲಿ ಹೋಗಿ ಯಾರೂ ಮಾತಾಡಿಸಲ್ಲ ಅಂತ ಕೊರಗೋದು ಬೇಡ.

ಜಾಗಕ್ಕಿಂತ ಜನ ಮುಖ್ಯ ಅಂತ ನನಗೆ ಗೊತ್ತಾದದ್ದು 2021ರಲ್ಲಿ. ಫ್ರೀನೋಡ್ ಅನ್ನೋ ಐಆರ್‌ಸಿ ಜಾಲ ಬೇರೆಯವರ ಕೈ ಸೇರಿತು ಅಂತ ಅಲ್ಲಿನ ಸ್ವಯಂಸೇವಕರು ಎದ್ದು ಹೋಗಿ ಲಿಬೆರಾ ಚಾಟ್ ಕಟ್ಟಿದರು. ಎಷ್ಟೋ ಪ್ರಾಜೆಕ್ಟ್‌ಗಳು ಕೆಲವೇ ದಿನಗಳಲ್ಲಿ ಅತ್ತ ಹೋದವು. ನಮ್ಮ ಚಾನೆಲ್ಲೂ ಹೋಯ್ತು, ಅದೇ ಜನ, ಅದೇ ಹಳಸಲು ಜೋಕು.

ಇನ್ನೊಂದು. ಎಕ್ಸ್‌ಝೀ ಪ್ರಕರಣ ಓದಿದ್ದೀರಾ? ಲಿನಕ್ಸ್‌ನಲ್ಲಿ ಎಲ್ಲೆಲ್ಲೂ ಇರೋ ಕಂಪ್ರೆಶನ್ (ಫೈಲ್ ಕುಗ್ಗಿಸೋ) ಲೈಬ್ರರಿ, ನೋಡಿಕೊಳ್ತಿದ್ದದ್ದು ಲಾಸ್ಸೆ ಕೊಲ್ಲಿನ್ ಒಬ್ಬರೇ. ದಣಿದಿದ್ದರು, ಮನಸ್ಸೂ ಸರಿ ಇಲ್ಲ ಅಂತ 2022ರಲ್ಲಿ ಮೇಲಿಂಗ್ ಲಿಸ್ಟ್‌ನಲ್ಲಿ ತಾವೇ ಬರೆದಿದ್ದರು. "ಜಿಯಾ ಟಾನ್" ಅನ್ನೋ ಹೆಸರಿನವನು ವರ್ಷಗಟ್ಟಲೆ ಸಹಾಯ ಮಾಡ್ತಾ, ಸಾಧುವಿನಂತಿದ್ದು, ಹಕ್ಕು ಪಡೆದು ಹಿಂಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್, ದೂರದ ಕಂಪ್ಯೂಟರ್‌ಗೆ ಹೋಗೋ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿದೆಯಲ್ಲ ಅಂತ ಬೆನ್ನು ಹತ್ತಿ ಹಿಡಿದರು. ಇದನ್ನ ಎಲ್ಲರೂ ಅಪರಿಚಿತರನ್ನ ನಂಬಬೇಡಿ ಅನ್ನೋಕೆ ಹೇಳ್ತಾರೆ. ನನಗೆ ಕಂಡದ್ದು ಬೇರೆ. ಆ ಮನುಷ್ಯನ ಸುತ್ತ ನಿಜವಾದ ಗೆಳೆಯರು ಇಬ್ಬರಿದ್ದಿದ್ದರೆ ಇಷ್ಟು ಸಲೀಸಾಗಿ ಆಗ್ತಿತ್ತಾ? ಸಾಗರದವರೇ, ಒಂಟಿತನ ಇರೋದು ಕೇಳುವ ನಿಮಗೆ ಮಾತ್ರ ಅಲ್ಲ. ಆಚೆ ಕಡೆ ಕೂತು ನಿಮ್ಮ ಇಶ್ಯೂ ಓದ್ತಿರೋನಿಗೂ ಇರುತ್ತೆ. ಬಗ್ ಬಗ್ಗೆ ಬರೆಯುವಾಗ ಈ ಲೈಬ್ರರಿಯಿಂದ ನನಗೆ ಇಂಥ ಕೆಲಸ ಆಯ್ತು ಅಂತ ಒಂದು ಸಾಲು ಸೇರಿಸಿ. ಅಂಥ ಸಾಲು ಅವರಿಗೆ ಬರೋದೇ ಅಪರೂಪ.

ಮುಖಾಮುಖಿಯೂ ಬೇಕು. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಆದ ಸಮ್ಮೇಳನದಲ್ಲಿ ಪರಿಚಯವಾದವರು ನನ್ನ ಗೃಹಪ್ರವೇಶಕ್ಕೆ ಬಂದು ಬಡಿಸೋಕೆ ನಿಂತಿದ್ದರು. ಅದು ಈಗಿಲ್ಲ. ಬೆಂಗಳೂರಿನ ಪೈಥಾನ್ ಬಳಗ ಬ್ಯಾಂಗ್‌ಪೈಪರ್ಸ್ ಇದೆ, ಪೈಥಾನ್ ಸಮ್ಮೇಳನ ಪೈಕಾನ್ ಇಂಡಿಯಾ 2009ರಲ್ಲಿ ಐಐಎಸ್‌ಸಿಯಲ್ಲಿ ಶುರುವಾಗಿ ಈಗಲೂ ನಡೀತಿದೆ, ಫಾಸ್ ಯುನೈಟೆಡ್‌ನವರ ಓಪನ್ ಸೋರ್ಸ್ ಸಮ್ಮೇಳನ ಇಂಡಿಯಾಫಾಸ್ ಇದೆ. ಭಾಷಣ ಬಿಟ್ಟರೂ ಪರವಾಗಿಲ್ಲ, ಊಟದ ಸಾಲು ಬಿಡಬೇಡಿ. ಕೊನೆಯಲ್ಲಿ ಒಂದು ದಿನ ಡೆವ್‌ಸ್ಪ್ರಿಂಟ್ (ಸೇರಿ ಕೋಡ್ ಬರೆಯೋದು) ಇದ್ದರೆ ಅದಕ್ಕೆ ಖಂಡಿತ ಉಳಿಯಿರಿ, ಒಂದೇ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬಹುದು.

ಕೇಳಿದವರು (ಸಾಗರ)

ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಮೈಸೂರಿನ ಸರ್, ಶಟಲ್ ಕೋರ್ಟ್ ಇದೆ, ಹೋಗ್ತೀನಿ, ಆದ್ರೆ ಇಂಡೆಕ್ಸ್ ವಿಷಯ ಅಲ್ಲೂ ಹೇಳೋಕಾಗಲ್ಲ. ಧಾರವಾಡದ ಅಣ್ಣ ಹೇಳಿದಂತೆ ನಾನು ಬಳಸೋ ಪಿಡಿಎಫ್ ಲೈಬ್ರರಿಯ ಇಶ್ಯೂ ಪಟ್ಟಿ ತೆಗೆದೆ. ಎರಡನೇ ಪುಟದಲ್ಲೇ ಯಾರೋ ಕನ್ನಡ ಇನ್‌ವಾಯ್ಸ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬರ್ತಿದೆ ಅಂತ ಹಾಕಿ ಬಿಟ್ಟಿದ್ದಾರೆ, ಉತ್ತರ ಇಲ್ಲ. ನನ್ನ ಮಷೀನಲ್ಲೂ ಹಾಗೇ ಬಂತು. ಇದನ್ನ ಹೇಗೆ ಬರೆಯಲಿ?

ಬೆಂಗಳೂರು, ಫಾಂಟು ಮತ್ತು ಪಠ್ಯದ ಕೆಲಸ

ಯಾವ ಫಾಂಟು, ಲೈಬ್ರರಿಯ ಯಾವ ವರ್ಶನ್, ಕೊಟ್ಟ ಪಠ್ಯ ಯಾವುದು, ಬಂದದ್ದು ಹೇಗೆ. ಇದೊಂದಕ್ಕೆ ಮಾತ್ರ ಚಿತ್ರವೂ ಬೇಕು, ಯಾಕಂದ್ರೆ ತಪ್ಪು ಇರೋದೇ ನೋಟದಲ್ಲಿ. ಪಕ್ಕದಲ್ಲಿ ಫೈರ್‌ಫಾಕ್ಸ್‌ನಲ್ಲಿ ಅದೇ ಪದ ಸರಿಯಾಗಿ ಬಂದ ಚಿತ್ರವನ್ನೂ ಹಾಕಿ. ಇಂಗ್ಲಿಷ್ ಬಗ್ಗೆ ಯೋಚನೆ ಇದ್ದರೆ ಮೊದಲು ಕನ್ನಡದಲ್ಲೇ ಬರೆದು ಇಲ್ಲಿ ಹಾಕಿ, ಸೇರಿ ತಿದ್ದೋಣ. ಈ ಬುಧವಾರ ಒಂಬತ್ತಕ್ಕೆ ಕಾಲ್‌ಗೆ ಬನ್ನಿ, ಕೋಲ್ಕತ್ತದವಳು ಪಿಡಿಎಫ್ ವಿಷಯದಲ್ಲಿ ನನಗಿಂತ ಗಟ್ಟಿ.

ಧಾರವಾಡದಿಂದ

ಇಶ್ಯೂ ನಂಬರ್ ಇಲ್ಲೆ ಹಾಕೋ ತಮ್ಮಾ, ನನ್ನ ಮಷೀನಿನ್ಯಾಗೂ ಓಡ್ಸಿ ಕೆಳಗ ಬರಿತೀನಿ.