ಹಳೇಬೀಡಿನ ಶಿಲ್ಪಗಳ ಕಾಂಟ್ಯಾಕ್ಟ್ ಶೀಟ್: ಎ4 ಹಾಳೆಗೆ ಎಷ್ಟು ಫೋಟೊ?

ಕಲ್ಲುಕಂಬ, ಹಾಸನ
ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಪಟ್ಟಿಕೆಗಳ ಸುಮಾರು 200 ಫೋಟೊ ಇವೆ, ಅಡ್ಡ-ಉದ್ದ ಎರಡೂ ಬೆರೆತಿವೆ. ದೊಡ್ಡದಾಗಿ ಪ್ರಿಂಟ್ ಹಾಕಿಸುವುದಕ್ಕೆ ಆರಿಸಲು ಕಾಂಟ್ಯಾಕ್ಟ್ ಶೀಟ್ (ಒಂದೇ ಹಾಳೆಯಲ್ಲಿ ಹಲವು ಪುಟ್ಟ ಚಿತ್ರ) ಮಾಡುತ್ತಿದ್ದೇನೆ, ಹಾಗಾಗಿ ಪ್ರತಿ ಚಿತ್ರದ ಕೆಳಗೆ ಫೈಲ್ ಹೆಸರು ಬೇಕೇ ಬೇಕು. ಎ4ಗೆ 35 ಹಾಕಿದರೆ ಹೆಸರು ಓದಲಾಗುತ್ತಿಲ್ಲ, ಉದ್ದ ಚಿತ್ರಗಳು ಮಲಗಿಕೊಳ್ಳುತ್ತವೆ, ಕಲ್ಲೆಲ್ಲ ಕಪ್ಪು ಮುದ್ದೆ. ಲೈಟ್‌ರೂಮ್ ಕ್ಲಾಸಿಕ್ (ಫೋಟೊ ತಿದ್ದುವ ಸಾಫ್ಟ್‌ವೇರ್) ಇದೆ, ಮನೆಯಲ್ಲಿ ಇಂಕ್‌ಟ್ಯಾಂಕ್ ಪ್ರಿಂಟರ್. ಬಲ್ಲವರು ತಿಳಿಸಿ.

ಬೆಳಕಿಂಡಿ
20 ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಸುತ್ತ 10 ಮಿ.ಮೀ. ಅಂಚು ಬಿಟ್ಟರೆ ಎ4ರಲ್ಲಿ ಉಳಿಯುವುದು 190×277. ನಾಲ್ಕು ಕಾಲಂ, ಐದು ಸಾಲು, 45 ಮಿ.ಮೀ. ಚೌಕದ ಮನೆ. ಮನೆ ಚೌಕವಾಗಿದ್ದರೆ ಅಡ್ಡ ಫೋಟೊವೂ ಉದ್ದ ಫೋಟೊವೂ ಒಂದೇ ಅಳತೆಯಲ್ಲಿ, 45×30ರಲ್ಲಿ, ನೆಟ್ಟಗೆ ಕೂರುತ್ತವೆ. ಸಾಲುಗಳ ನಡುವೆ 13 ಮಿ.ಮೀ. ಸಿಗುತ್ತದೆ, ಹೆಸರಿಗೆ 7 ಪಾಯಿಂಟ್ ಅಕ್ಷರ ಸಾಕು.

ಪ್ರಿಂಟ್ ಮಾಡ್ಯೂಲ್‌ನಲ್ಲಿ ‘ರೊಟೇಟ್ ಟು ಫಿಟ್’, ‘ಝೂಮ್ ಟು ಫಿಲ್’ ಎರಡರ ಟಿಕ್ಕೂ ತೆಗೆಯಿರಿ. ಮೊದಲನೆಯದು ಚಿತ್ರ ಮಲಗಿಸುತ್ತದೆ. ಎರಡನೆಯದು ಅಂಚು ಕತ್ತರಿಸುತ್ತದೆ, ಪಟ್ಟಿಕೆಯ ಕೊನೆಯ ಆನೆ ಅರ್ಧ ಹೋದರೆ ಆ ಹಾಳೆ ನೋಡಿ ಆರಿಸುವುದು ಹೇಗೆ? ‘ಫೋಟೊ ಇನ್ಫೊ’ದಲ್ಲಿ ಫೈಲ್‌ನೇಮ್. ವಿಂಗಡಣೆ ಮಾತ್ರ ಹೆಸರಿನ ಪ್ರಕಾರ ಬೇಡ, ತೆಗೆದ ಸಮಯದ ಪ್ರಕಾರ ಇಡಿ: ಕ್ಯಾಮೆರಾ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಎಣಿಸುತ್ತದೆ, ಗೋಡೆಯ ಕ್ರಮ ತಲೆಕೆಳಗಾಗುತ್ತದೆ.

ಮಳೆಹಾಡಿ, ಚಿಕ್ಕಮಗಳೂರು
ಕಪ್ಪು ಮುದ್ದೆಗೆ ಎರಡು ಕಾರಣ. ಅಲ್ಲಿಯ ಬಳಪದ ಕಲ್ಲೇ ಗಾಢ ಬಣ್ಣದ್ದು. ಚಿತ್ರ ಚಿಕ್ಕದಾದಂತೆ ನೆರಳಿನೊಳಗಿನ ಕೆತ್ತನೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಜೊತೆಗೆ 75 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ ತೂಕ) ಜೆರಾಕ್ಸ್ ಕಾಗದ ಶಾಯಿ ಹೀರಿ ಹರಡುತ್ತದೆ. 120 ಜಿಎಸ್ಎಂ ಆಸುಪಾಸಿನ ಕೋಟೆಡ್ ಮ್ಯಾಟ್ ಕಾಗದ ತನ್ನಿ, ಹೆಚ್ಚು ಬಿಳಿಯಿರುವ ಮುಖಕ್ಕೆ ಪ್ರಿಂಟ್ ಮಾಡಿ, ಪ್ರಿಂಟರ್ ಡ್ರೈವರ್‌ನಲ್ಲೂ ಮ್ಯಾಟ್ ಎಂದೇ ಆರಿಸಿ. ಅಲ್ಲಿ ‘ಪ್ಲೇನ್ ಪೇಪರ್’ ಎಂದು ಉಳಿದರೆ ಶಾಯಿಯ ಲೆಕ್ಕ ತಪ್ಪಿ ಒಳ್ಳೆಯ ಕಾಗದವೂ ದಂಡ.

ಲೈಟ್‌ರೂಮ್‌ನ ‘ಪ್ರಿಂಟ್ ಅಡ್ಜಸ್ಟ್‌ಮೆಂಟ್’ನಲ್ಲಿ ಬ್ರೈಟ್‌ನೆಸ್ 15–20 ಏರಿಸಿ ಒಂದೇ ಹಾಳೆ ತೆಗೆದು ನೋಡಿ, ಮೂಲ ಫೋಟೊಗೆ ಏನೂ ಆಗುವುದಿಲ್ಲ. ಒಂದೊಂದಕ್ಕೂ ಆಟೊ ಕೊಡಬೇಡಿ, ಯಾವ ಫ್ರೇಮಿನ ಎಕ್ಸ್‌ಪೋಷರ್ ಸರಿಯಿದೆ ಎಂದು ತಿಳಿಯಲಿಕ್ಕೇ ಅಲ್ಲವೇ ಈ ಹಾಳೆ. ‘ಡ್ರಾಫ್ಟ್ ಮೋಡ್’ ಆಫ್ ಇರಲಿ, ಅದು ಆನ್ ಇದ್ದರೆ ಶಾರ್ಪನಿಂಗ್ ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ಕಾಗದವನ್ನು ಟ್ರೇನಲ್ಲೇ ಬಿಡಬೇಡಿ, ಥಂಡಿ ಹಿಡಿದರೆ ಸುರುಳಿಯಾಗಿ ಎರಡೆರಡು ಹಾಳೆ ಎಳೆಯುತ್ತದೆ.

ಕಲ್ಲುಕಂಬ, ಹಾಸನ
ಉಪಕಾರವಾಯಿತು. ಲ್ಯಾಬ್‌ನಲ್ಲಿ 12×18 ಇಂಚು ಹಾಕಿಸಿದರೆ?

ಬೆಳಕಿಂಡಿ
ಹಾಕಿಸಬಹುದು. ‘ಪ್ರಿಂಟ್ ಟು ಜೆಪೆಗ್ ಫೈಲ್’ ಆರಿಸಿ, 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಕಲರ್ ಪ್ರೊಫೈಲ್ ಎಸ್‌ಆರ್‌ಜಿಬಿ. 3600×5400 ಪಿಕ್ಸೆಲ್ ಬರುತ್ತದೆ. ಕಟಿಂಗ್‌ನಲ್ಲಿ ಹೆಸರು ಹೋಗದಂತೆ ಸುತ್ತ ಅರ್ಧ ಇಂಚು ಬಿಡಿ. ‘ಕರೆಕ್ಷನ್ ಬೇಡ’ ಎಂದು ಹೇಳಿಯೇ ಕೊಡಿ. ಆಟೊ ಕರೆಕ್ಷನ್ ಇಡೀ ಹಾಳೆಯನ್ನು ಒಂದೇ ಫೋಟೊ ಅಂದುಕೊಂಡು, ಬಿಳಿ ಅಂಚು ನೋಡಿ ಎಲ್ಲವನ್ನೂ ಇನ್ನಷ್ಟು ಕಪ್ಪು ಮಾಡುವುದುಂಟು. ಗ್ಲಾಸಿ ಕಾಗದದ ಮೇಲೆ ಬಾಲ್‌ಪೆನ್ ಹಿಡಿಯುವುದಿಲ್ಲ, ಗುರುತು ಹಾಕಲು ಸಿಡಿ ಮಾರ್ಕರ್ ಇಟ್ಟುಕೊಳ್ಳಿ.